ಬೈಗುಳದ ಹಿಂದಿನ ಕಥೆ ಹುಡುಕಿದ್ದು ಹೀಗೆ

ನಾನು ಮಂಡ್ಯ ಕಡೆಯವನು. ಪುತ್ತೂರಿನ ಹತ್ತಿರ ಮೇಷ್ಟ್ರಾಗಿದ್ದಾಗ, ಬಾಗಿಲಲ್ಲಿ ಅಲ್ಲಾಡದೆ ನಿಂತಿದ್ದ ಹುಡುಗನಿಗೆ ‘ಏನೋ, ಭೂತದ ಥರ ನಿಂತಿದ್ದೀಯ’ ಅಂದುಬಿಟ್ಟೆ. ಅವನ ಅಜ್ಜಿ ಪಕ್ಕದಲ್ಲೇ ಇದ್ದರು. ‘ಹಾಗೆ ಹೇಳ್ಬಾರ್ದು ಮಾಸ್ಟ್ರೆ, ಭೂತ ನಮ್ಮನ್ನು ಕಾಯುವಂಥದ್ದು’ ಅಂದರು. ನಮ್ಮ ಕಡೆ ಅದು ಮಕ್ಕಳನ್ನು ಹೆದರಿಸುವ ಮಾತು. ಅಲ್ಲಿ ಜನ ನಂಬುವ ದೈವಗಳಾದ ಪಂಜುರ್ಲಿ, ಗುಳಿಗ, ಕಲ್ಲುರ್ಟಿ ಎಲ್ಲರೂ ಭೂತಗಳೇ, ಜನ ಅವರಿಗೆ ಕೋಲ ಅನ್ನುವ ಕುಣಿತದ ಸೇವೆ ಕೊಟ್ಟು, ಮನೆಯ ವ್ಯಾಜ್ಯವನ್ನೂ ಮುಂದಿಟ್ಟು ನ್ಯಾಯ ಕೇಳುತ್ತಾರೆ. ನನಗೆ ತುಂಬಾ ನಾಚಿಕೆಯಾಯಿತು. ಇಂಥ ಬೈಗುಳಗಳನ್ನೂ ಅವುಗಳ ಕಥೆಯನ್ನೂ ಬರೆದಿಡಲು ಅವತ್ತೇ ಒಂದು ನೋಟ್‌ಬುಕ್ ಶುರು ಮಾಡಿದೆ.

ಮೊದಮೊದಲು ‘ಈ ಪದದ ಅರ್ಥ ಏನು’ ಅಂತ ಕೇಳುತ್ತಿದ್ದೆ. ಜನ ಯೋಚಿಸಿ, ಪುಸ್ತಕದ ಕನ್ನಡದಲ್ಲಿ ಏನೋ ಒಂದು ಹೇಳುತ್ತಿದ್ದರು. ಕಥೆ ಸಿಗುತ್ತಿರಲಿಲ್ಲ. ಆಮೇಲೆ ‘ಇದನ್ನ ಯಾರಿಗೆ ಅಂತೀರಿ, ಯಾವಾಗ ಅಂತೀರಿ’ ಅಂತ ಕೇಳತೊಡಗಿದೆ. ಅಲ್ಲಿಂದ ಮಾತು ಬಿಚ್ಚಿಕೊಂಡಿತು.

ಗದಗ ಕಡೆ ಗೆಳೆಯರೊಬ್ಬರ ಮನೆಯಲ್ಲಿ, ಅರ್ಧ ಗಂಟೆಯಿಂದ ಕನ್ನಡಿ ಮುಂದೆ ತಲೆ ಬಾಚುತ್ತಿದ್ದ ಮಗನನ್ನು ತೋರಿಸಿ ಅವನ ತಾಯಿ ‘ನೋಡ್ರಿ ಸರ, ಜೋಕುಮಾರ ಆಗ್ಯಾನ’ ಅಂದರು. ಯಾಕೆ ಹಾಗಂತೀರಿ ಅಂದೆ. ಗಣಪತಿ ಹಬ್ಬದ ನಂತರ ಬರುವ ಮಣ್ಣಿನ ಜೋಕುಮಾರ, ಬುಟ್ಟಿ ತುಂಬಾ ಬೇವಿನ ಸೊಪ್ಪು, ಬಾಯಿಗೆ ಬೆಣ್ಣೆ, ಅವನನ್ನು ಹೊತ್ತು ಹಾಡುತ್ತಾ ಮನೆಮನೆಗೆ ಬರುವ ಹೆಣ್ಣುಮಕ್ಕಳು, ಕಂಡವರ ಹೆಂಡಿರಿಗೆ ಕಣ್ಣು ಹಾಕಿ ಹುಣ್ಣಿಮೆ ಹೊತ್ತಿಗೆ ಅವನು ಸಾಯುವುದು, ಎಲ್ಲವನ್ನೂ ರೊಟ್ಟಿ ತಟ್ಟುತ್ತಲೇ ಹೇಳಿದರು. ಅವನು ಮಳೆ ತರುತ್ತಾನೆ, ಅದಕ್ಕೇ ಆ ಬೈಗುಳದಲ್ಲಿ ಮುದ್ದೂ ಇರುತ್ತದೆ. ನಮ್ಮೂರ ಹುಡುಗರಿಗೆ ಹಾಗಂದರೆ ಸುಮ್ನೆ ಮುಖ ನೋಡುತ್ತಾರೆ, ಕಥೆ ಗೊತ್ತಿಲ್ಲದಿದ್ದರೆ ಪದ ತಾಗುವುದಿಲ್ಲ ಅಲ್ವಾ.

ಒಂದೇ ಥರ ಕೇಳಿಸಿದ್ದಕ್ಕೆಲ್ಲ ಒಂದೇ ಕಥೆ ಕಟ್ಟಬಾರದು ಅನ್ನುವುದೂ ಅದೇ ಮನೆಯಲ್ಲಿ ಗೊತ್ತಾಯಿತು. ‘ಮಾರಿ ತೊಳ್ಕೊಂಡು ಬರ್ರಿ’ ಅಂದಾಗ ಮೈ ಜುಂ ಅಂದಿತ್ತು. ನಮಗೆ ಮಾರಿ ಅಂದರೆ ಮಾರಮ್ಮ, ಅಲ್ಲಿ ಬರೀ ಮುಖ.

ಕೊನೆಗೆ ನಮ್ಮವ್ವನಿಗೇ ಫೋನ್ ಮಾಡಿ ‘ಮೂದೇವಿ ಅಂತ ಯಾವಾಗ ಬೈತಿದ್ದೆ’ ಅಂತ ಕೇಳಿದೆ. ‘ಅವ್ಳು ಲಕ್ಷ್ಮಿ ಅಕ್ಕ ಕಣೋ. ಮುಸ್ಸಂಜೇಲಿ ಮಲಗಿದ್ರೆ ಬಂದು ಕೂತ್ಕೋತಾಳೆ’ ಅಂದಳು. ನಿಜ, ನನಗೆ ಆ ಮಾತು ಬೀಳುತ್ತಿದ್ದದ್ದು ದೀಪ ಹಚ್ಚುವ ಹೊತ್ತಲ್ಲಿ ಚಾಪೆ ಮೇಲೆ ಬಿದ್ದುಕೊಂಡಾಗಲೇ.