ಮೂರು ಪದರ ಹಳೇ ಸೀರೆ, ಒಂದು ಚಳಿಗಾಲದ ಜಾಕೆಟ್

ಹೋದ ವರ್ಷ ಕಡಲೆಕಾಯಿ ಪರಿಷೆಗೆ ನಾನೇ ಹೊಲಿದ ಕೌದಿ ಜಾಕೆಟ್ ಹಾಕಿಕೊಂಡು ಹೋಗಿದ್ದೆ. ಕೌದಿ ಅಂದರೆ ಹಳೇ ಸೀರೆಗಳನ್ನು ಪದರ ಪದರವಾಗಿ ಇಟ್ಟು, ಒತ್ತೊತ್ತಾಗಿ ಸಾಲು ಹೊಲಿಗೆ ಹಾಕಿ ಮಾಡುವ ಹೊದಿಕೆ. ಬುಲ್ ಟೆಂಪಲ್ ರಸ್ತೆಯಲ್ಲಿ ಮೂರು ಜನ ನಿಲ್ಲಿಸಿ, "ಎಲ್ಲಿ ತಗೊಂಡ್ರಿ?" ಅಂತ ಕೇಳಿದರು. ಅದಕ್ಕೂ ಹಿಂದಿನ ವರ್ಷ ನಮ್ಮ ಬೀದಿಯ ಟೈಲರ್, "ಅಕ್ಕಾ, ಹಳೇ ಸೀರೆ ನಾಲ್ಕು ಒಗೆತಕ್ಕೂ ಬಾಳಲ್ಲ, ಸುಮ್ನೆ ದಾರ ದಂಡ" ಅಂದಿದ್ದರು. ನಮ್ಮ ಅತ್ತಿಗೆ, "ಹಾಸಿಗೆ ಹೊದ್ಕೊಂಡು ಬೀದಿಗೆ ಹೋಗ್ತೀಯಾ?" ಅಂದಿದ್ದರು. ಆ ಜಾಕೆಟ್ ಈಗ ಸುಮಾರು 30 ಒಗೆತ ಕಂಡಿದೆ. ಒಂದು ಹೊಲಿಗೆಯೂ ಬಿಟ್ಟಿಲ್ಲ.

ನಮ್ಮ ಬೆಂಗಳೂರಿನ ಚಳಿಗೆ ದಪ್ಪ ಸ್ವೆಟರ್ ಜಾಸ್ತಿಯೇ ಆಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ 15 ಡಿಗ್ರಿ ಆಸುಪಾಸು ಇರುತ್ತದೆ, ಮಧ್ಯಾಹ್ನ 27. ಹನ್ನೊಂದು ಗಂಟೆಗೆ ಸ್ವೆಟರ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಓಡಾಡಬೇಕು. ನನಗೆ ಬೇಕಾಗಿದ್ದು ಗಾಳಿ ತಡೆಯುವ, ಬೆವರು ಹೀರುವ, ಮಡಚಿದರೆ ಬ್ಯಾಗಿನಲ್ಲಿ ಕೂರುವ ಬಟ್ಟೆ. ನಮ್ಮ ಅಜ್ಜಿ ಬಾಗಲಕೋಟೆ ಕಡೆಯವರು. ಅವರು ಹೊಲಿದ ಕೌದಿ ನಮ್ಮ ಮನೆಯಲ್ಲಿ ಇನ್ನೂ ಇದೆ. ಹಳೇ ಕಾಟನ್ ಸೀರೆಯಷ್ಟು ಮೆತ್ತಗೆ, ಬೆಚ್ಚಗೆ ಬೇರೆ ಯಾವುದೂ ಇಲ್ಲ. ಅದನ್ನೇ ಮೈಗೆ ಹಾಕಿಕೊಂಡರೆ ಆಗಲ್ವಾ ಅನ್ನಿಸಿತು.

ಮೊದಲನೇ ಜಾಕೆಟ್ ಪೂರ್ತಿ ಹಾಳಾಯಿತು. ಬೆಚ್ಚಗಿರಲಿ ಅಂತ ಐದು ಪದರ ಹಾಕಿದ್ದೆ. ತೋಳು ಕೂಡಿಸುವಾಗ ಕಂಕುಳಲ್ಲಿ ಹತ್ತು ಪದರ ಒಟ್ಟಿಗೆ ಬಂತು. 14 ನಂಬರ್ ಸೂಜಿ ಮೂರು ಮುರಿದವು. ನಾಲ್ಕನೆಯದು ಮುರಿದಾಗ ಮಿಷನ್ನಿನ ಟೈಮಿಂಗೂ ಕೆಟ್ಟಿತು. ರಿಪೇರಿಗೆ 600 ರೂಪಾಯಿ ಹೋಯಿತು. ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಅಳತೆಗೆ ಸರಿಯಾಗಿ ಕತ್ತರಿಸಿ, ಆಮೇಲೆ ಕೌದಿ ಹೊಲಿಗೆ ಹಾಕಿದ್ದೆ. ಹೊಲಿದಷ್ಟೂ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ನನ್ನ ಲೆಕ್ಕದಲ್ಲಿ 20 ಇಂಚಿಗೆ ಹೆಚ್ಚುಕಮ್ಮಿ 1 ಇಂಚು ಹೋಗುತ್ತದೆ. ಎದೆ ಅಳತೆ 40 ಇದ್ದಿದ್ದು 38ಕ್ಕೆ ಬಂದು, ಗುಂಡಿಯೇ ಕೂಡಲಿಲ್ಲ. ಈಗ ಸುತ್ತಲೂ 2 ಇಂಚು ಬಿಟ್ಟು ಒರಟಾಗಿ ಕತ್ತರಿಸುತ್ತೇನೆ. ಕೌದಿ ಹೊಲಿಗೆ ಮುಗಿಸಿ, ಒಮ್ಮೆ ಒಗೆದು ಒಣಗಿಸಿ, ಆಮೇಲೆ ಪ್ಯಾಟರ್ನ್ ಇಟ್ಟು ಕತ್ತರಿಸುತ್ತೇನೆ.

ಎರಡನೆಯದರಲ್ಲಿ ಬಣ್ಣ ಕೈಕೊಟ್ಟಿತು. ಒಂದು ಕೆಂಪು ಸೀರೆ, ಹತ್ತು ವರ್ಷ ಒಗೆದದ್ದು. ಇನ್ನೆಲ್ಲಿ ಬಣ್ಣ ಬಿಡುತ್ತೆ ಅಂದುಕೊಂಡೆ. ಒಳಗಿನ ಕೆನೆ ಬಣ್ಣದ ಪದರವೆಲ್ಲ ಗುಲಾಬಿಯಾಯಿತು. 22 ಗಂಟೆ ಕೈಹೊಲಿಗೆ ಹೋಯಿತಲ್ಲ ಅಂತ ಆ ದಿನ ಅತ್ತುಬಿಟ್ಟೆ. ಈಗ ಯಾವ ಸೀರೆಯಾದರೂ ಸರಿ, ಬಿಸಿನೀರಲ್ಲಿ ಅದ್ದಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡದೆ ಮುಟ್ಟುವುದಿಲ್ಲ. ಮೂರನೆಯದರಲ್ಲಿ ಮಧ್ಯದ ಪದರಕ್ಕೆ ಪಾಲಿಯೆಸ್ಟರ್ ಸೀರೆ ಹಾಕಿದೆ. ಅದು ಜಾರಿ ಜಾರಿ ನೆರಿಗೆ ಕಟ್ಟಿತು, ಹಾಕಿಕೊಂಡರೆ ಬೆವರು. ಮೂರೂ ಸೇರಿ ಒಂದು 1,500 ರೂಪಾಯಿ ಕಳೆದಿರಬೇಕು, ರಿಪೇರಿ ದುಡ್ಡೂ ಸೇರಿಸಿ.

ನಾಲ್ಕನೆಯದು ಕೂತಿತು. ಸೀರೆಯನ್ನು ಬೆಳಗಿನ ಬಿಸಿಲಿಗೆ ಹಿಡಿದು ನೋಡಬೇಕು. ಎಲ್ಲಿ ಸವೆದಿದೆಯೋ ಅಲ್ಲಿ ಬೆಳಕು ಜಾಸ್ತಿ ಬರುತ್ತದೆ. ಸೊಂಟಕ್ಕೆ ಸಿಕ್ಕಿಸುವ ಒಳಸುತ್ತು ಸಾಮಾನ್ಯವಾಗಿ ಗಟ್ಟಿ ಇರುತ್ತದೆ, ಅದು ಹೊರಪದರಕ್ಕೆ. ಕೂತು ಎದ್ದು ತೆಳುವಾದ ಭಾಗ ಮಧ್ಯಕ್ಕೆ. ಮೈಗೆ ತಾಗುವ ಪದರಕ್ಕೆ ತುಂಬಾ ಒಗೆದ ಮೆತ್ತನೆ ಸೀರೆ. ಹಳೇ ರೇಷ್ಮೆ ಬೇಡ, ಮಡಿಕೆಯಲ್ಲೇ ಸೀಳುತ್ತದೆ. ಇಳಕಲ್ ಸೀರೆಯ ಕಾಟನ್ ಒಡಲು ಇದಕ್ಕೆ ಹೇಳಿ ಮಾಡಿಸಿದ್ದು. ಅದರ ರೇಷ್ಮೆ ಸೆರಗನ್ನು ಮಾತ್ರ ಬೇರೆ ಎತ್ತಿಟ್ಟು ಕಾಲರಿಗೆ ಪಟ್ಟಿ ಹಾಕುತ್ತೇನೆ. ಮೂರೂ ಪದರದ ಹಾಸು, ಅಂದರೆ ನೇಯ್ಗೆಯ ಉದ್ದದ ಎಳೆ, ಒಂದೇ ದಿಕ್ಕಿಗೆ ಇರಬೇಕು, ಇಲ್ಲದಿದ್ದರೆ ಒಗೆದ ಮೇಲೆ ತಿರುಚಿಕೊಳ್ಳುತ್ತದೆ.

ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾನೂ ಹಾಗೆ ಮಾಡಿ ನೋಡಿದೆ. ಅವರ ಕೈಯಲ್ಲಿ ಅದು ಸಪಾಟಾಗಿ ಬರುತ್ತದೆ. ನನ್ನ ಕೈಯಲ್ಲಿ ನಡುವೆ ಗುಳ್ಳೆಯಂತೆ ಎದ್ದು ನಿಂತಿತು. ಹಾಗಾಗಿ ನಡುವಿನಿಂದ ಕಚ್ಚಾ (ಆಮೇಲೆ ಬಿಚ್ಚುವ ತಾತ್ಕಾಲಿಕ ಹೊಲಿಗೆ) ಹಾಕಿಕೊಂಡು ಅಂಚಿಗೆ ಹೋಗುತ್ತೇನೆ. ಸಾಲಿನಿಂದ ಸಾಲಿಗೆ ಅರ್ಧ ಇಂಚಿಗಿಂತ ಸ್ವಲ್ಪ ಕಮ್ಮಿ. ಕೂಡಿಸುವ ಕಡೆ ಮಾರ್ಜಿನ್ನಿನ ಮಧ್ಯದ ಪದರವನ್ನು ಹೊಲಿಗೆಯವರೆಗೂ ಕತ್ತರಿಸಿ ತೆಗೆಯುತ್ತೇನೆ, ಸೂಜಿ 16 ನಂಬರ್. ಕಂಕುಳ ಉಬ್ಬು ಅಲ್ಲಿಗೆ ಮಾಯ. ಕಾಲರ್ ಮಾತ್ರ ಕತ್ತಿನ ಹಿಂದೆ ಏಳದೆ ಕೂರುವ ಹಾಗೆ ಒಂದು ಉಪಾಯ ಕಂಡುಕೊಂಡಿದ್ದೇನೆ. ಎಂಟು ಕಾಲರ್ ಬಿಚ್ಚಿ ಕಲಿತದ್ದು, ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಉಣ್ಣೆಯ ಕಡೆಗೂ ಹೋಗಿ ಬಂದೆ. ಮಾವನವರ ಹಳೇ ಸ್ವೆಟರ್ ತಪ್ಪಿ ಬಿಸಿನೀರಿಗೆ ಬಿದ್ದು ಮಗುವಿನ ಅಳತೆಗೆ ಬಂತು. ಕತ್ತರಿಸಿ ನೋಡಿದರೆ ಅಂಚಿನಲ್ಲಿ ಒಂದು ಎಳೆಯೂ ಬಿಚ್ಚಲಿಲ್ಲ! ಓವರ್‌ಲಾಕ್ ಬೇಡ, ಏನೂ ಬೇಡ. ಅದರಿಂದ ಅವರಿಗೆ ಕಿವಿ ಮುಚ್ಚುವ ಟೋಪಿ ಹೊಲಿದೆ. ಈಗ ಅದಿಲ್ಲದೆ ಅವರು ಲಾಲ್‌ಬಾಗಿಗೆ ವಾಕಿಂಗ್ ಹೊರಡುವುದಿಲ್ಲ. ಆ ಖುಷಿಯಲ್ಲಿ ಗುಜರಿಯವರ ಹತ್ತಿರ 50 ರೂಪಾಯಿಗೆ ಒಂದರಂತೆ ನಾಲ್ಕು ಸ್ವೆಟರ್ ತಂದೆ. ಎಷ್ಟು ಕುದಿಸಿದರೂ ಮೂರು ಕುಗ್ಗಲೇ ಇಲ್ಲ, ಅವು ಅಕ್ರಿಲಿಕ್. ಆಮೇಲಿಂದ ಒಂದು ಎಳೆ ಸುಟ್ಟು ನೋಡಿಯೇ ತರುತ್ತೇನೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಗುಂಡು ಕಟ್ಟುತ್ತದೆ. ದಾಳಿಂಬೆ ಸಿಪ್ಪೆ, ಪಟಿಕದಲ್ಲಿ ಉಣ್ಣೆಗೆ ಬಣ್ಣ ಹಾಕಿದೆ, ಒಳ್ಳೆಯ ಹಳದಿ ಬಂತು. ಕಾಟನ್ನಿಗೆ ಅಷ್ಟು ಹಿಡಿಯಲಿಲ್ಲ. ಅದರ ಪ್ರಯೋಗ ಇನ್ನೂ ನಡೆದಿದೆ.

ದುಡ್ಡಿನ ವಿಷಯ. ಒಂದು ಜಾಕೆಟ್ಟಿಗೆ ದಾರ, ಗುಂಡಿ, ಪೈಪಿಂಗ್ ಎಲ್ಲಾ ಚಿಕ್ಕಪೇಟೆಯಲ್ಲಿ ತಂದರೆ 200 ರೂಪಾಯಿ ಒಳಗೆ. ಕೈಹೊಲಿಗೆ ಸುಮಾರು 24 ಗಂಟೆ. ನಾಲ್ಕು ಜಾಕೆಟ್ 1,800ರಂತೆ ಮಾರಿದ್ದೇನೆ, ಅಂದರೆ ಗಂಟೆಗೆ 65–70 ರೂಪಾಯಿ ಸಿಕ್ಕಿತು. ಕಮ್ಮಿಯೇ. ಆದರೆ ಮಿಷನ್ನಿನಲ್ಲಿ ಕೌದಿ ಹೊಲಿಗೆ ಹಾಕಿ ನೋಡಿದ್ದೇನೆ, ರಟ್ಟಿನಂತೆ ಬಿರುಸಾಗುತ್ತದೆ. ಆ ಮೆದುತನ ಕೈಹೊಲಿಗೆಯಿಂದಲೇ ಬರಬೇಕು. ಮುಂದಿನ ಸಲ 2,400 ಹೇಳುತ್ತೇನೆ.

ಆ ಟೈಲರ್ ಹೋದ ತಿಂಗಳು ಜಾಕೆಟ್ ಒಳಗೆ ಹೊರಗೆ ತಿರುವಿ ನೋಡಿ, "ಅಕ್ಕಾ, ಕಂಕುಳು ಹೆಂಗೆ ಕೂರಿಸಿದ್ರಿ?" ಅಂತ ಕೇಳಿದರು. ಹೇಳಿಕೊಟ್ಟೆ. ಕಾಲರಿನ ಬಗ್ಗೆಯೂ ಕೇಳಿದರು, ಅದನ್ನು ಹೇಳಲಿಲ್ಲ. ಅತ್ತಿಗೆ ತಮ್ಮ ಅಮ್ಮನ ಎರಡು ಇಳಕಲ್ ಸೀರೆ ತಂದು ಕೊಟ್ಟಿದ್ದಾರೆ. ಒಂದರಲ್ಲಿ ಮೊಣಕಾಲಿನ ಹತ್ತಿರ ಅಂಗೈಯಗಲ ತೂತು. ಪರಿಷೆ ನಡೆಯುವ ಕಡೇ ಕಾರ್ತಿಕ ಸೋಮವಾರದೊಳಗೆ ಅವರ ಜಾಕೆಟ್ ಮುಗಿಸಬೇಕು.