ಸೋಲ್ ಬಾಯಿ ಬಿಡುವ ಮೊದಲು ಮಿಡ್‌ಸೋಲ್ ಒತ್ತಿ ನೋಡಿ

ಅಡಿಯ ಹಲ್ಲು ಸವೆದಿಲ್ಲ, ಮೇಲೆ ಎಲ್ಲೂ ಹರಿದಿಲ್ಲ. ಆದರೂ ಕೊಡಚಾದ್ರಿಯ ಅರ್ಧ ದಾರಿಯಲ್ಲಿ ಶೂ ಬಾಯಿ ಬಿಡುತ್ತದೆ. ಬೈಗುಳ ಅಂಟಿಗೆ ಬೀಳುತ್ತದೆ, ತಪ್ಪು ಮಾತ್ರ ಬಹಳ ಸಲ ನಡುವಿನ ಮೆತ್ತೆಯದು, ಅಂದರೆ ಮಿಡ್‌ಸೋಲಿನದು. ಆರಿದ್ರಾ ಮಳೆ ಹಿಡಿಯುವ ಮೊದಲೇ ಅದನ್ನು ನೋಡಿಬಿಡಿ.

ಮೆತ್ತೆಯಲ್ಲಿ ಮುಖ್ಯವಾಗಿ ಎರಡು ಜಾತಿ. ಹಗುರ ಓಟದ ಶೂಗಳಲ್ಲಿ ಸಾಮಾನ್ಯವಾಗಿ ಇವಿಎ (ಎಥಿಲೀನ್ ವಿನೈಲ್ ಅಸಿಟೇಟ್) ಫೋಮ್, ತೂಕದ ಚಾರಣದ ಬೂಟುಗಳಲ್ಲಿ ಹೆಚ್ಚಾಗಿ ಪಿಯು (ಪಾಲಿಯುರಿಥೇನ್) ಫೋಮ್. ಇವಿಎ ತುಳಿದು ತುಳಿದು ಚಪ್ಪಟೆಯಾಗುತ್ತದೆ: 500ರಿಂದ 800 ಕಿ.ಮೀ. ಓಡಿದರೆ ಪುಟಿತ ಹೋಗುತ್ತದೆ, ಪಕ್ಕದಲ್ಲಿ ಅಡ್ಡ ಸುಕ್ಕು ಬಿದ್ದು ಹಾಗೇ ಉಳಿಯುತ್ತದೆ. ಪಿಯು ಸಾಯುವ ರೀತಿ ಬೇರೆ. ಗಾಳಿಯ ತೇವವೇ ಅದರ ಅಣುಕೊಂಡಿಗಳನ್ನು ಕಡಿಯುತ್ತದೆ. ಆಗುಂಬೆ, ಹೊಸನಗರದ ಕಡೆ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟರೆ ತೊಡದೆಯೂ ಪುಡಿಯಾಗುತ್ತದೆ. ಹೆಬ್ಬೆರಳಿನ ಉಗುರು ಒತ್ತಿ: ಗುಳಿ ಏಳದೆ ನಿಂತರೆ, ಅಂಟಂಟಾಗಿ ಹತ್ತಿದರೆ, ಒಣ ಬೆಣ್ಣೆ ಬಿಸ್ಕತ್ತಿನಂತೆ ಉದುರಿದರೆ ಮುಗಿಯಿತು. ಅದಕ್ಕೆ ಯಾವ ಅಂಟೂ ನಿಲ್ಲದು. ಅಂಟು ಹಿಡಿದರೂ ಅದರ ಪಕ್ಕದ ಪದರ ಕಿತ್ತು ಬರುತ್ತದೆ. ಇಡೀ ಸೋಲ್ ಬದಲಿಸಬೇಕು, ಇಲ್ಲವೇ ಬೂಟನ್ನೇ.

ಮೆತ್ತೆ ಗಟ್ಟಿಯಿದ್ದು ಅಂಚು ಮಾತ್ರ ಬಿಟ್ಟಿದ್ದರೆ ಅಂಟಿಸಬಹುದು. ಹಳೆ ಅಂಟು ಕೆರೆದು, 80 ನಂಬರಿನ ಉಜ್ಜುಕಾಗದದಿಂದ ಎರಡೂ ಮೈ ಒರಟು ಮಾಡಿ, ಧೂಳು ಒರೆಸಿ. ಇವಿಎ ನುಣುಪು ಮೈಗೆ ಅಂಟು ಸುಲಭಕ್ಕೆ ಒಗ್ಗದು, ಅದಕ್ಕೆಂದೇ ಇರುವ ಪ್ರೈಮರ್ (ಅಂಟಿಗೂ ಮೊದಲು ಬಳಿಯುವ ದ್ರವ) ಸಿಕ್ಕರೆ ಒಂದು ಕೈ ಬಳಿಯಿರಿ. ಶೂಗೆಂದೇ ಬರುವ ಪಿಯು ಅಂಟನ್ನು ಎರಡೂ ಕಡೆ ತೆಳುವಾಗಿ ಹಚ್ಚಿ, 10–15 ನಿಮಿಷ ಬಿಡಿ. ಮುಟ್ಟಿದರೆ ಜಿಗುಟು ಇರಬೇಕು, ಬೆರಳಿಗೆ ಬರಬಾರದು. ಜಿಟಿಜಿಟಿ ಮಳೆಯ ದಿನ ಈ ಕೆಲಸಕ್ಕೆ ಕೂರಬೇಡಿ: ದ್ರಾವಕ ಆರುವಾಗ ಮೈ ತಣ್ಣಗಾಗಿ ಅದರ ಮೇಲೆ ತೇವ ಕೂರುತ್ತದೆ, ಅಂಟು ಬೆಳ್ಳಗಾಗಿ ಸೋಲುತ್ತದೆ. ಜೋಡಿಸಿದ ಮೇಲೆ ಹಳೆ ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿ 24 ಗಂಟೆ ಮುಟ್ಟಬೇಡಿ.

ಒದ್ದೆ ಶೂವನ್ನು ಬಚ್ಚಲ ಒಲೆಯ ಬಾಯಿಗೆ ಇಡುವ ಅಭ್ಯಾಸ ನಮ್ಮಲ್ಲಿ ಹೋಗುವುದೇ ಇಲ್ಲ. ಕಾವಿಗೆ ಇವಿಎ ಕುಗ್ಗುತ್ತದೆ, ಅಂಟು ಸಡಿಲುತ್ತದೆ. ಒಳಹಾಸು ತೆಗೆದು, ಹಳೆ ಪೇಪರ್ ತುರುಕಿ, ಎರಡು ಮೂರು ಗಂಟೆಗೊಮ್ಮೆ ಬದಲಿಸಿ. ಫ್ಯಾನಿನ ಗಾಳಿ ಸಾಕು.

ಬೂಟಿನ ಮೇಲೆ ಸಂಶಯವಿದ್ದೂ ಬೆಟ್ಟಕ್ಕೆ ಹೊರಟಿರಾದರೆ ಸೋಲ್ ಬಿಟ್ಟರೆ ಕಟ್ಟಲು ಹಳೆ ಸೈಕಲ್ ಟ್ಯೂಬಿನ ಎರಡು ಪಟ್ಟಿ ಚೀಲದಲ್ಲಿರಲಿ.