ಎರಡು ಹುಣಸೆ ಬೀಜ: ನಮ್ಮ ಭಾನುವಾರದ ಆಟ ಉಳಿದ ಬಗೆ

ಬನಶಂಕರಿಯ ನಮ್ಮ ಮನೆ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ಬೋರ್ಡ್ ಗೇಮ್ ಆಡಲು ಶುರು ಮಾಡಿ ಸುಮಾರು 6 ವರ್ಷವಾಯಿತು. ಮೊದಲು 11 ಜನ ಬರುತ್ತಿದ್ದರು. ನಡುವೆ 4ಕ್ಕೆ ಇಳಿಯಿತು. ಈಗ 14 ಜನ, ಟೇಬಲ್ ಸಾಲದು. ಬದಲಾಗಿದ್ದು ಒಂದೇ, ತಪ್ಪು ನಡೆಯನ್ನು ನಾವು ಕ್ಷಮಿಸುವ ರೀತಿ: ಈಗ ಎದುರಾಳಿಯೇ ಒಂದು ಹುಣಸೆ ಬೀಜ ಕೊಟ್ಟು ತಪ್ಪಿದವರ ನಡೆ ವಾಪಸ್ ಬಿಡುತ್ತಾರೆ. “ಇದು ನಡೆಯಲ್ಲ ಗುರು, ಗೆಲ್ಲೋಕೆ ಕೂತವನು ಯಾಕೆ ಬಿಟ್ಟುಕೊಡ್ತಾನೆ?” ಅಂದವರೇ ಈಗ ನನ್ನಿಂದ ಬೀಜ ಕೇಳಿ ಒಯ್ದು ತಮ್ಮ ಅಪಾರ್ಟ್‌ಮೆಂಟಿನಲ್ಲಿ ಆಡಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚೆಸ್‌ನಿಂದ ಬಂದವನು. ಟೂರ್ನಮೆಂಟ್ ಆಡಿದವರಿಗೆ ‘ಮುಟ್ಟಿದ ಕಾಯಿ ನಡೆಸಬೇಕು’ ಅನ್ನೋದು ಉಸಿರಾಟದಷ್ಟೇ ಸಹಜ. ಅದನ್ನೇ ಇಲ್ಲಿಗೂ ತಂದೆ. ಕಟಾನ್ ಅಂದರೆ ದಾಳ ಬಿದ್ದಂತೆ ಸಿಗುವ ಕಾರ್ಡುಗಳಿಂದ ರಸ್ತೆ, ಊರು ಕಟ್ಟುವ ಆಟ; ಅದರಲ್ಲಿ ರಸ್ತೆ ಇಟ್ಟು ಕೈ ತೆಗೆದರೆ ಮುಗಿಯಿತು. ಒಂದು ಭಾನುವಾರ ಹೊಸದಾಗಿ ಬಂದ ಹುಡುಗಿ ತನ್ನ ಪಾಲಿನ ಗೋಧಿ ಕಾರ್ಡು ತೆಗೆದುಕೊಳ್ಳಲು ಮರೆತಳು. ಕೇಳಿದಾಗ, “ಮುಂದಿನವರು ದಾಳ ಹಾಕಿ ಆಯ್ತಮ್ಮ” ಅಂದುಬಿಟ್ಟೆ. ಆಟ ಮುಗಿಸಿ ನಗುತ್ತಲೇ ಹೋದಳು. ಮತ್ತೆ ಬರಲಿಲ್ಲ. ಆ ಗೋಧಿ ಕಾರ್ಡು ಕೊಟ್ಟಿದ್ದರೆ ಯಾರ ಆಟವೂ ಕೆಡುತ್ತಿರಲಿಲ್ಲ. ಇವತ್ತಿಗೂ ನನಗೆ ಬೇಜಾರಿದೆ.

ಆಮೇಲೆ ಪೂರ್ತಿ ಸಡಿಲ ಬಿಟ್ಟೆ. ಯಾರು ಕೇಳಿದರೂ ನಡೆ ವಾಪಸ್. ಎರಡು ಗಂಟೆಯಲ್ಲಿ ಮುಗಿಯುತ್ತಿದ್ದ ಆಟ ನಾಲ್ಕೂವರೆ ಗಂಟೆ ಎಳೆಯತೊಡಗಿತು. ದೂರದಿಂದ ಬರುವವರು ಮೆಟ್ರೊ ಹಿಡಿಯಬೇಕು, ಅರ್ಧಕ್ಕೇ ಎದ್ದು ಹೋಗತೊಡಗಿದರು. ಗುಂಪು ಕರಗಿದ್ದೇ ಆಗ.

ಮೂರನೆಯದು ದಂಡ. ಒಂದು ವಾಪಸ್‌ಗೆ 10 ರೂಪಾಯಿ. ಎರಡು ತಿಂಗಳಲ್ಲಿ ಡಬ್ಬಿಯಲ್ಲಿ 640 ರೂಪಾಯಿಯೋ ಏನೋ ಸೇರಿತು. ಹಣ ಸೇರಿತು, ಆಟ ಹಾಳಾಯಿತು. ಕೆಲಸದಲ್ಲಿರುವವರೊಬ್ಬರು 50ರ ನೋಟು ಮೊದಲೇ ಇಟ್ಟು “ಐದು ಸಲಕ್ಕೆ ಅಡ್ವಾನ್ಸ್” ಅಂದರು. ಕಾಲೇಜು ಹುಡುಗರು ತಪ್ಪು ಕಂಡರೂ ಬಾಯಿ ಬಿಡದೆ ಸೋತರು. ದುಡ್ಡು ಕೊಟ್ಟ ಮೇಲೆ ಅದು ಕ್ಷಮೆಯಲ್ಲ, ಖರೀದಿ. ಆ ಹಣದಲ್ಲಿ ವಿ.ವಿ. ಪುರಂ ತಿಂಡಿ ಬೀದಿಗೆ ಹೋಗಿ ತಿಂದು ಡಬ್ಬಿ ಮುಚ್ಚಿದೆ.

ನಾಲ್ಕನೆಯದಕ್ಕೆ ಜಾಸ್ತಿ ಖರ್ಚಾಯಿತು. ಮರದ ಬಿಲ್ಲೆಗಳ ಮೇಲೆ ‘ಕ್ಷಮೆ’ ಅಂತ ಕೆತ್ತಿಸಿದೆ, 1,400 ರೂಪಾಯಿ ಹತ್ತಿರ ಆಯಿತು. ಒಬ್ಬೊಬ್ಬರಿಗೆ ಎರಡು. ತಪ್ಪು ಮಾಡಿದವರು ಬಿಲ್ಲೆ ಕೊಟ್ಟು ನಡೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಎಲ್ಲರೂ ಕೊನೆಯ ಸುತ್ತಿಗೆ ಅಂತ ಕೂಡಿಟ್ಟು, ಅಲ್ಲಿ ಅದನ್ನು ಆಯುಧ ಮಾಡಿಕೊಂಡರು. ಅರ್ಧ ಬಿಲ್ಲೆಗಳು ಚೆಂದ ಇದೆ ಅಂತ ಜೇಬಲ್ಲೇ ಹೋದವು.

ಆಗ ಹೊಳೆದದ್ದು ಇದು. ಬಿಲ್ಲೆ ತಪ್ಪು ಮಾಡಿದವರ ಕೈಯಲ್ಲಿ ಇರಬಾರದು, ಎದುರಾಳಿಯ ಕೈಯಲ್ಲಿ ಇರಬೇಕು. ಈಗ ಎಲ್ಲರ ಮುಂದೆ ಎರಡು ಹುಣಸೆ ಬೀಜ ಇಡುತ್ತೇನೆ. ಅವು ತನಗಲ್ಲ, ಬೇರೆಯವರಿಗೆ ಕೊಡಲು. ತಪ್ಪಿದವರು ಕೇಳುವ ಹಾಗಿಲ್ಲ, ಮುಖ ಸಣ್ಣ ಮಾಡುವ ಹಾಗೂ ಇಲ್ಲ. ನೋಡಿದವರು ತಾವಾಗಿ ಬೀಜ ಮುಂದಕ್ಕೆ ತಳ್ಳಿದರೆ ನಡೆ ವಾಪಸ್. ಹೊಸ ಕಾರ್ಡು ತೆರೆದಿದ್ದರೆ, ದಾಳ ಬಿದ್ದಿದ್ದರೆ, ಯಾರ ಬೀಜವೂ ನಡೆಯದು. ಕಂಡದ್ದನ್ನು ಕಾಣದ ಹಾಗೆ ಮಾಡಲಾಗದು, ಅಲ್ವಾ. ತನ್ನ ಪಾಲಿನದು ತೆಗೆಯಲು ಮರೆತರೆ ಮಾತ್ರ ಬೀಜವೇ ಬೇಡ, ಸುಮ್ನೆ ಕೊಡುವುದು. ಆ ಹುಡುಗಿಗಾಗಿ ಮಾಡಿದ ನಿಯಮ ಅದು.

ಮೊದಲ ಎರಡು ಭಾನುವಾರ ಒಂದು ಬೀಜವೂ ಅಲ್ಲಾಡಲಿಲ್ಲ. ಮೂರನೆಯ ವಾರ ಅಗ್ರಿಕೋಲಾ ಇಟ್ಟಿದ್ದೆವು, ಬೇಸಾಯದ ಆಟ ಅದು, ಕೊಯ್ಲು ಬಂದಾಗ ಮನೆಯವರಿಗೆಲ್ಲ ಊಟ ಹೊಂದಿಸಬೇಕು. ಎಲೆಕ್ಟ್ರಾನಿಕ್ ಸಿಟಿಯಿಂದ ಬಂದ ಹೊಸ ಹುಡುಗ, ಮೊದಲ ಕೊಯ್ಲು ಹತ್ತಿರ. ಮನೆಯಲ್ಲಿ ಇಬ್ಬರು, ನಾಲ್ಕು ಊಟ ಬೇಕು, ಕೈಯಲ್ಲಿ ಒಂದು. ಮೀನು ಹಿಡಿಯುವ ಜಾಗದಲ್ಲಿ ಸರಿಯಾಗಿ ಮೂರು ಊಟ ಸೇರಿತ್ತು. ಅವನು ತನ್ನ ಕೊನೆಯ ಆಳನ್ನು ಮರ ತರಲು ಕಳಿಸಿದ. ಕೊಯ್ಲಿನಲ್ಲಿ ಮೂರು ಊಟ ಸಾಲದೆ ಮೂರು ಭಿಕ್ಷೆ ಕಾರ್ಡು, ಒಂದಕ್ಕೆ 3ರಂತೆ 9 ಅಂಕ ಹೋಗುವುದಿತ್ತು. ಅವನಿಗೆ ಗೊತ್ತೇ ಆಗಲಿಲ್ಲ. ಮುಂದಿನ ಸರದಿ ನಮ್ಮ ಆಡಿಟರ್ ಅಕ್ಕನದು. ಆ ಮೀನು ಅವರಿಗೂ ಬೇಕಿತ್ತು. ಕೈ ಬೋರ್ಡಿನ ಮೇಲೆ ಹೋಗಿ ನಿಂತಿತು. ವಾಪಸ್ ಬಂತು. ಒಂದು ಬೀಜವನ್ನು ಬೆರಳಿನಿಂದ ನಿಧಾನ ತಳ್ಳಿ, “ತಗೋಪ್ಪ, ಊಟ ಎಣಿಸಿ ನೋಡು” ಅಂದರು. ಅವನು ಎಣಿಸಿದ. ಕಿವಿ ಕೆಂಪಾಯಿತು. ಆಳನ್ನು ಮರದಿಂದ ಎತ್ತಿ ಮೀನಿಗೆ ಇಟ್ಟ. ಅಕ್ಕ ದಿನಗೂಲಿ ಜಾಗದಲ್ಲಿ ಸಿಗುವ ಎರಡು ಊಟದಲ್ಲಿ ಹೊಂದಿಸಿಕೊಂಡರು. ಕೊನೆಗೆ ಬೇರೊಬ್ಬರು ಗೆದ್ದರು, ಅಕ್ಕ ಎರಡೋ ಮೂರೋ ಅಂಕ ಹಿಂದೆ. ಆವತ್ತು ಟೇಬಲ್ ಮೇಲೆ ಇನ್ನೂ ಐದು ಬೀಜ ಅಲ್ಲಾಡಿದವು. ಆ ಹುಡುಗ ಇವತ್ತಿನವರೆಗೆ ಎರಡೇ ಭಾನುವಾರ ತಪ್ಪಿಸಿದ್ದಾನೆ, ಈಗ ಹಳದಿ ಲೈನ್ ಮೆಟ್ರೊದಲ್ಲಿ ಬರುತ್ತಾನೆ.

ಬೀಜ ಕೊಟ್ಟವರಿಗೆ 2 ಅಂಕ ಅಂತ ಒಮ್ಮೆ ಮಾಡಿ ನೋಡಿದೆ. ಕೆಲಸಕ್ಕೆ ಬಾರದ ತಪ್ಪು ಹುಡುಕಿ ಕ್ಷಮಿಸಿ ಅಂಕ ದೋಚಿದರು. ಎರಡೇ ವಾರಕ್ಕೆ ತೆಗೆದುಹಾಕಿದೆ. ಬೀಜಕ್ಕೆ ಬೆಲೆ ಇರಬಾರದು.

ರಜೆಯಲ್ಲಿ ಮಕ್ಕಳ ಜೊತೆ ಚೌಕಾಬಾರದಲ್ಲೂ ಇಟ್ಟೆ. ಅವರು ಕಾಯಿ ಕಡಿಯೋದನ್ನೇ ಬೀಜ ಕೊಟ್ಟು ಬಿಟ್ಟುಬಿಟ್ಟರು. ಒಂದಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ತಾನೆ? ಎಲ್ಲರ ಕಾಯಿಯೂ ಹೊರಗೇ ಸುತ್ತಿ ಸುತ್ತಿ ಸಂಜೆಯಾಯಿತು, ಒಂದೂ ಹಣ್ಣಾಗಲಿಲ್ಲ. ಅಮ್ಮ ಬಂದು “ಕಡಿಯೋದು ತಪ್ಪಲ್ಲ ಕಣ್ರೋ, ಅದೇ ಆಟ” ಅಂತ ಬೀಜ ಎತ್ತಿಟ್ಟರು. ಅಮ್ಮ ಹೇಳಿದ್ದು ಸರಿ. ಜೋರಾಗಿ ಆಡುವುದಕ್ಕೂ ಕೈತಪ್ಪಿಗೂ ವ್ಯತ್ಯಾಸ ನಾನು ಸ್ಪಷ್ಟವಾಗಿ ಹೇಳಲು ಶುರು ಮಾಡಿದ್ದು ಆಮೇಲೆ. ಚೆಸ್‌ಗೆ ಮಾತ್ರ ಬೀಜ ಇಡುವುದಿಲ್ಲ. ಅಲ್ಲಿ ಮುಟ್ಟಿದರೆ ಮುಟ್ಟಿದ್ದೇ.

ಇಡೀ ಟೇಬಲ್ಲೇ ನಿಯಮ ತಪ್ಪಿದ್ದರೆ? ಟಿಕೆಟ್ ಟು ರೈಡ್ ಅನ್ನೋ ರೈಲಿನ ಆಟದಲ್ಲಿ ತೆರೆದಿಟ್ಟ ಎಂಜಿನ್ ಕಾರ್ಡು ತೆಗೆದರೆ ಆ ಸರದಿಗೆ ಅಷ್ಟೇ, ಆದರೆ ನಾವು ಎಲ್ಲರೂ ಇನ್ನೊಂದು ಕಾರ್ಡು ತೆಗೆಯುತ್ತಿದ್ದೆವು. ಹಿಂದಕ್ಕೆ ಹೋಗಲಿಲ್ಲ. ಈ ಕ್ಷಣದಿಂದ ಸರಿಯಾಗಿ ಆಡೋಣ ಅಂತ ಮುಂದುವರಿದೆವು.

ವಾರಗಟ್ಟಲೆ ಒಂದು ಬೀಜವನ್ನೂ ಕೊಡದವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಅವರನ್ನು ಯಾರ ಪಕ್ಕ ಕೂರಿಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಅದು ಹೊರಬಿದ್ದರೆ ನಮ್ಮ ಟೇಬಲ್ಲಿನಲ್ಲಿ ಕೆಲಸ ಮಾಡದು. ನಾಲ್ಕು ಜನಕ್ಕೆ ಎಂಟು ಬೀಜ ಸಾಕು, ಐದು ಜನ ಕೂತರೆ ತಲಾ ಒಂದೇ ಇಡಿ, ಇಲ್ಲದಿದ್ದರೆ ಆಟ ಎಳೆಯುತ್ತದೆ. ಬೀಜಕ್ಕೆ ಹುಳ ಬೀಳುತ್ತದೆ, ಮೊದಲು ಎರಡು ದಿನ ಬಿಸಿಲಿಗೆ ಹಾಕಿ.